ದೂರ ಇಟ್ಟ ಬುತ್ತಿ

ನನ್ನ ಮೊಮ್ಮಗಳು ಸಮುದ್ರ ನೋಡಿ ಬಂದಳು. ಇವತ್ತು ಮಧ್ಯಾಹ್ನ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸಿನಿಂದ ಇಳಿದಳು. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು, ಜಡೆಯ ತುಂಬ ಉಸುಕು, ಲಂಗದ ಮಡಿಲಲ್ಲಿ ಚಿಪ್ಪು. ಓಡಿ ಬಂದು ನನ್ನ ಕೊರಳಿಗೆ ಜೋತುಬಿದ್ದು, "ಆಯಿ, ನನ್ನ ಕೈ ನೆಕ್ಕಿ ನೋಡ," ಎಂದಳು. ನೆಕ್ಕಿದೆ. ಉಪ್ಪು ಉಪ್ಪು. ಇಷ್ಟು ಮಂದಿಯ ನಡುವೆ ಮುದುಕಿ ಹೀಗೆ ಕೈ ನೆಕ್ಕುತ್ತ ನಿಂತರೆ ಜನ ಏನೆಂದಾರು ಎಂದು ನನ್ನ ಗಂಡ ಗೊಣಗಿದರು. ಅನ್ನಲಿ. ಇನ್ನೊಂದು ಕೈಯನ್ನೂ ನೆಕ್ಕಿದೆ.

ಕರೆದುಕೊಂಡು ಹೋದವಳು ನನ್ನ ಮಗಳು ನೀಲಾ. ಅವಳು ಈಗ ಇದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ತನ್ನ ತರಗತಿಯ ಹುಡುಗಿಯರನ್ನೆಲ್ಲ ಕಟ್ಟಿಕೊಂಡು, ಜೊತೆಗೆ ತನ್ನ ಮಗಳನ್ನೂ ಎತ್ತಿಕೊಂಡು ಕಾರವಾರಕ್ಕೆ ಹೋಗಿ, ಒಬ್ಬಳಿಗೂ ನೆಗಡಿ ಕೂಡ ಆಗದ ಹಾಗೆ ತಿರುಗಿ ತಂದಳು. ಬಸ್ಸು ಬರುವ ತನಕ ನಾನು ಎಷ್ಟು ದೇವರಿಗೆ ಹರಕೆ ಹೊತ್ತೆನೋ ನನಗೇ ನೆನಪಿಲ್ಲ. ಈಗ ಎಲ್ಲ ದೇವರಿಗೂ ಒಂದೊಂದು ಕಾಯಿ ಒಡೆಯಬೇಕು. ಸಂತೋಷ ಒಲೆಯ ಮೇಲಿಟ್ಟು ಮರೆತ ಹಾಲಿನ ಹಾಗೆ ಉಕ್ಕಿ ಹರಿಯಿತು.

ಆಗ ಶಾಲೆಯ ಹಿರಿಯರೊಬ್ಬರು ಹಾರ ಹಿಡಿದು ಮುಂದೆ ಬಂದರು. ನೀಲಾಳ ಕೈಗೆ ಹಾರ ಕೊಟ್ಟರು, ಕೆಮ್ಮಿದರು, ಮಂದಿಯ ಕಡೆ ತಿರುಗಿ ನಾಲ್ಕು ಮಾತು ಆಡಿದರು. ನಮ್ಮೂರಿನ ಸಾಲಿಯ ಹುಡುಗಿಯರು ಸಮುದ್ರ ಕಂಡದ್ದು ಇದೇ ಮೊದಲು ಎಂದರು.

ಉಕ್ಕಿದ ಹಾಲಿಗೆ ಯಾರೋ ಹುಳಿ ಹಿಂಡಿದ ಹಾಗಾಯಿತು. ಗಂಡ ನನ್ನ ಸೆರಗು ಜಗ್ಗುತ್ತಿದ್ದರೂ ಬಿಡದೆ ಹೇಳಿದೆ. "ಮೊದಲಲ್ಲರಿ ಯಜಮಾನ್ರ, ಎರಡನೇದು. ಮೊದಲಿನದು ನಿಮಗ ನೆನಪಿರಬೇಕು."

ಅವರು ಟೊಪ್ಪಿಗೆ ಸರಿಮಾಡಿಕೊಂಡರು. ಬಸ್ಸಿನ ಗಾಲಿಯನ್ನು ನೋಡಿದರು. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಅಕ್ಷರ ಅಡ್ಡಾದಿಡ್ಡಿ ಬಂದರೆ ಬರಲಿ.

ಮೊದಲು ಕರೆದುಕೊಂಡು ಹೋದವರು ಇದೇ ಶಾಲೆಯಲ್ಲಿ ನೀಲಾಳಿಗೆ ಕಲಿಸಿದ ಬಾಯಾರು. ನಮ್ಮ ಕಡೆ ಶಿಕ್ಷಕಿಯರಿಗೆ ಹಾಗೆ ಅನ್ನುತ್ತೇವೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ನಮ್ಮ ಮಂದಿ ಮೊದಲು ಅಡ್ಡಹೆಸರು ಕೇಳುತ್ತಾರೆ, ಅಡ್ಡಹೆಸರಿನಿಂದ ಕೇರಿ ಹುಡುಕುತ್ತಾರೆ, ಕೇರಿ ಸಿಕ್ಕಿತೆಂದರೆ ಮನುಷ್ಯರನ್ನು ನೋಡುವುದನ್ನು ಬಿಟ್ಟುಬಿಡುತ್ತಾರೆ. ಅವರು ಹುಟ್ಟಿದ್ದು ಊರ ಹೊರಗಿನ ಕೇರಿಯಲ್ಲಿ. ಅವರ ತಂದೆಯ ಕಾಲಕ್ಕೆ ಮನೆಯವರೆಲ್ಲ ಬುದ್ಧನ ದಾರಿ ಹಿಡಿದಿದ್ದರು. ಬಾಡಿಗೆ ಕೋಣೆಯ ಗೋಡೆಯ ಮೇಲೆ ಬುದ್ಧನದೊಂದೇ ಪಟ. ಆ ಪಟದ ಕೆಳಗೆ ಕುಳಿತು ಅವರು ಜಗತ್ತನ್ನೆಲ್ಲ ಬೈಯುತ್ತಿದ್ದರು.

ಬೈಗುಳ ಅವರ ಉಸಿರಿನ ಹಾಗೆ. ಮಳೆ ಬಂದರೆ ಮಳೆಗೆ, ಬರದಿದ್ದರೆ ಮೋಡಕ್ಕೆ. ತಡವಾಗಿ ಬಂದ ಹುಡುಗಿಗೆ ಬೈಗುಳ, ಅವಳನ್ನು ಬೇಗ ಕಳಿಸದ ಅವ್ವನಿಗೆ ಮನೆಬಾಗಿಲಿಗೇ ಹೋಗಿ ಬೈಗುಳ. ಕೈಯಲ್ಲಿ ಯಾವಾಗಲೂ ಒಂದು ಕರಿ ಕೊಡೆ. ಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ, ಮಳೆಯಲ್ಲೂ ಬಿಚ್ಚುತ್ತಿರಲಿಲ್ಲ. ಅದರ ತುದಿ ಇದ್ದದ್ದು ತೋರಿಸಲಿಕ್ಕೆ. ಹುಡುಗಿಯರು ಅವರಿಗೆ ಹೆದರುತ್ತಿದ್ದರೇ ಎಂದರೆ, ಇಲ್ಲ. "ಹುಚ್ಚ ಖೋಡಿ" ಎಂದು ಬೈಸಿಕೊಳ್ಳದ ದಿನ ನೀಲಾ ಸಪ್ಪೆ ಮುಖ ಮಾಡಿಕೊಂಡು ಬರುತ್ತಿದ್ದಳು, ಬಾಯಾರು ತನ್ನನ್ನು ಇವತ್ತು ನೋಡಲೇ ಇಲ್ಲ ಎಂದು.

ನಮ್ಮ ಮನೆಗೂ ಬರುತ್ತಿದ್ದರು, ಕಟ್ಟೆಯ ತನಕ. ನನ್ನ ಅತ್ತೆ ಕಟ್ಟೆಯ ಮೂಲೆಯಲ್ಲಿ ಅಂಥವರಿಗೆಂದೇ ಒಂದು ಹಿತ್ತಾಳೆ ಲೋಟ ಬೋರಲು ಹಾಕಿ ಇಟ್ಟಿದ್ದರು. ಬಾಯಾರು ಅದನ್ನು ಒಮ್ಮೆ ನೋಡುತ್ತಿದ್ದರು, ಮತ್ತೆ ನೋಡುತ್ತಿರಲಿಲ್ಲ. ನೀರು ಕೊಡಲೇ ಎಂದು ಕೇಳಿದರೆ ತಮಗೆ ನೀರಡಿಕೆ ಇಲ್ಲ ಎನ್ನುತ್ತಿದ್ದರು. ಯುಗಾದಿ ಮುಂದಿನ ಬಿಸಿಲು, ಎರೆಹೊಲ ಬಾಯಿ ಬಿಟ್ಟ ಕಾಲ, ನಾಯಿ ಕೂಡ ನೆರಳಿಂದ ಏಳುತ್ತಿರಲಿಲ್ಲ. ಆಗಲೂ ಅವರಿಗೆ ನೀರಡಿಕೆ ಇಲ್ಲ. ಅತ್ತೆ, ಆ ಬಾಯಿಗೆ ಬಹಳ ಸೊಕ್ಕು ಎನ್ನುತ್ತಿದ್ದರು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಿದ್ದೆ. ಸೊಸೆಗೆ ಇದ್ದ ಬಾಯಿ ಅದೊಂದೇ.

ಶಾಲೆಯ ಗೋಡೆಯಲ್ಲಿ ದೇಶದ ನಕಾಶೆ ಇತ್ತಂತೆ. ಎಲ್ಲ ಹುಡುಗಿಯರೂ ಸಮುದ್ರವನ್ನೇ ಮುಟ್ಟಿ ಮುಟ್ಟಿ ಆ ನೀಲಿ ಭಾಗ ಸವೆದು ತೂತು ಬಿದ್ದಿತ್ತು. ಒಂದು ದಿನ ಬಾಯಾರು ಕೊಡೆಯ ತುದಿಯನ್ನು ಆ ತೂತಿಗೆ ತೂರಿಸಿ, ಇನ್ನು ಗೋಡೆ ಮುಟ್ಟುವುದು ಸಾಕು, ಖರೇ ನೀರು ಮುಟ್ಟೋಣ ನಡೀರಿ ಎಂದರು.

ಬಸ್ಸಿನ ಚಾರ್ಜಿಗೆ ಹಣ ಎಲ್ಲಿಂದ? ರವಿವಾರ ರವಿವಾರ ಹುಡುಗಿಯರನ್ನು ಹತ್ತಿ ಬಿಡಿಸಲು ಹೊಲಕ್ಕೆ ಕರೆದೊಯ್ದರು, ತಾವೂ ಉಡಿ ಕಟ್ಟಿದರು. ಉಳಿದದ್ದಕ್ಕೆ ಹಣ ಬೇಕಿಲ್ಲ ಎಂಬುದು ಅವರ ವಾದ. ಬಿಸಿಲು ಪುಕ್ಕಟೆ, ಉಸುಕು ಪುಕ್ಕಟೆ, ತೆರೆ ಪುಕ್ಕಟೆ. ಸಮುದ್ರಕ್ಕೆ ಹೋಗಿ ಏನು ಕೊಂಡುಕೊಂಡಿರಿ ಎಂದು ಯಾರಾದರೂ ಕೇಳಿದರೆ, ಏನೂ ಇಲ್ಲ ಎಂದು ಎದೆ ಉಬ್ಬಿಸಿ ಹೇಳಬೇಕು ಎನ್ನುತ್ತಿದ್ದರು.

ಓಣಿಯ ಮುದುಕಿಯರಿಗೆ ಮಾತ್ರ ಇದು ನುಂಗಲಾರದ ತುತ್ತು. ಸಮುದ್ರಕ್ಕೇ ಹೋಗುವುದಾದರೆ ಗೋಕರ್ಣಕ್ಕೆ ಹೋಗಲಿ, ಮುಳುಗಿದ್ದಕ್ಕೆ ಪುಣ್ಯವಾದರೂ ಬರುತ್ತದೆ. ದೇವರಿಲ್ಲದ ನೀರಿಗೆ ಹರೆಯದ ಹುಡುಗಿಯರನ್ನು ಯಾಕೆ ಇಳಿಸಬೇಕು? ಬಾಯಾರು ನಮ್ಮ ಕಟ್ಟೆಯ ಮೇಲೆ ನಿಂತೇ ಉತ್ತರ ಕೊಟ್ಟರು. "ಪುಣ್ಯಾ ನೀವ ಇಟಗೊರಿ ಆಯಿ. ಹುಡುಗ್ಯಾರಿಗೆ ಆಟ ಬೇಕಾಗೇತಿ."

ತಾಯಂದಿರಲ್ಲಿ ಒಬ್ಬರು ಜೊತೆಗೆ ಬಂದರೆ ಮಾತ್ರ ಕಳಿಸುವುದು ಎಂದು ಹಿರಿಯರು ಷರತ್ತು ಹಾಕಿದರು. ಯಾರೂ ಒಪ್ಪುವುದಿಲ್ಲ ಎಂದು ಅವರ ಲೆಕ್ಕ. ನಾನು ಒಪ್ಪಿದೆ. ನಾನೂ ಅಲ್ಲಿಯ ತನಕ ಸವದತ್ತಿಯ ಕಡೆಯ ಮಲಪ್ರಭೆಗಿಂತ ದೊಡ್ಡ ನೀರು ಕಂಡವಳಲ್ಲ.

ಕಿತ್ತೂರು ದಾಟಿ, ಧಾರವಾಡದಲ್ಲಿ ಬಸ್ಸು ಬದಲಿಸಿ, ಘಟ್ಟದಲ್ಲಿ ಅರ್ಧ ಹುಡುಗಿಯರು ವಾಂತಿ ಮಾಡಿಕೊಂಡು, ಕೊನೆಗೂ ಮುಟ್ಟಿದೆವು. ಒಂದು ಶಾಲೆಯ ಪಡಸಾಲೆಯಲ್ಲಿ ಮಲಗಲು ಜಾಗ ಕೇಳಿಕೊಂಡಿದ್ದರು. ಬೆಳಗ್ಗೆ ಎದ್ದು ಗಾಳಿಮರಗಳ ಸಾಲು ದಾಟಿದರೆ ಎದುರಿಗೆ ಅದೇ. ಬಾಯಿ ಮುಚ್ಚದ ಹುಡುಗಿಯರೆಲ್ಲ ಬಾಯಿ ಮುಚ್ಚಿದರು. ಕೊನೆಗೆ ನೀಲಾ ಕೇಳಿದಳು.

"ಬಾಯಾರ, ಆಚಿ ದಂಡಿ ಎಲ್ಲೈತ್ರಿ?"

"ಇಲ್ಲ. ಅದಕ್ಕ ಕರಕೊಂಡು ಬಂದೇನಿ."

ಇಲ್ಲಿ ನಮ್ಮ ಪದ್ಧತಿ ಒಂದು ಹೇಳಬೇಕು. ನಾವು ಹೊಳೆಗೆ ಹೋದರೆ ಬುತ್ತಿಯ ಗಂಟುಗಳನ್ನು ನೀರಿನ ಅಂಚಿಗೇ ಇಡುತ್ತೇವೆ. ಹಸಿ ಉಸುಕಿನಲ್ಲಿ ಗುಂಡಿ ತೋಡಿ ಮೊಸರಿನ ಗಡಿಗೆಯನ್ನು ಅರ್ಧ ಹೂಳಿದರೆ ಮಧ್ಯಾಹ್ನದ ತನಕ ತಣ್ಣಗಿರುತ್ತದೆ. ಹೊಳೆ ಮುಂದಕ್ಕೆ ಹರಿಯುತ್ತದೆ, ದಂಡೆಗೆ ಏರಿ ಬರುವುದಿಲ್ಲ. ಬೆಳಗ್ಗೆ ಕಂಡ ಅಂಚು ಸಂಜೆಗೂ ಅಲ್ಲೇ. ಆವತ್ತೂ ಹಾಗೇ ಮಾಡಿದೆವು. ಒಂದೊಂದು ಜಾತಿಯ ಗಂಟು ಒಂದೊಂದು ಕಡೆ, ನಡುವೆ ಮೊಳದಷ್ಟು ಜಾಗ ಬಿಟ್ಟು. ಅದನ್ನು ಹುಡುಗಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಯಾರು ತಮ್ಮ ಗಂಟನ್ನು ಎತ್ತಿಕೊಂಡು ಯಾರನ್ನೂ ಕೇಳದೆ ದೂರ ಹೋಗಿ ಗಾಳಿಮರದ ಕೊಂಬೆಗೆ ತೂಗುಹಾಕಿದರು. ಅವರಿಗೂ ಯಾರೂ ಹೇಳಬೇಕಿರಲಿಲ್ಲ. ದೊಡ್ಡ ಗಂಟು ಅದು, ಒಬ್ಬರ ಊಟದ್ದಲ್ಲ. ಯಾವ ಹುಡುಗಿಯ ಮನೆಯಲ್ಲಿ ಹಿಟ್ಟು ಕಡಿಮೆ ಎಂದು ಅವರಿಗೆ ಗೊತ್ತಿತ್ತು.

ಆಮೇಲೆ ಆಟ. ಹಸಿ ಉಸುಕು ನಮ್ಮ ಅಂಗಳಕ್ಕಿಂತ ಗಟ್ಟಿ. ಅದರ ಮೇಲೆ ಕೊಡೆಯ ತುದಿಯಿಂದ ಗೆರೆ ಎಳೆದು ಕುಂಟಬಿಲ್ಲೆ ಆಡಿಸಿದರು. ತೆರೆ ಬಂದು ಮುಟ್ಟುವ ಜಾಗದಲ್ಲೇ ಹುಡುಗಿಯರಿಂದ ರಂಗೋಲಿ ಹಾಕಿಸಿದರು. ಯಾರ ರಂಗೋಲಿ ತೆರೆಗೆ ಕೊನೆಗೆ ಸಿಗುತ್ತದೋ ಅವಳು ಗೆದ್ದಂತೆ. ಏಡಿಯ ತೂತಿನ ಮುಂದೆ ಹೊಟ್ಟೆ ಅಡಿಯಾಗಿ ಮಲಗಿ ಅದು ಹೊರಗೆ ಬರುವ ತನಕ ಉಸಿರು ಬಿಗಿಹಿಡಿಯುವ ಪಂದ್ಯ. ಚಿಪ್ಪು ಆರಿಸುವಾಗ ಒಳಗೆ ಜೀವ ಇದ್ದದ್ದನ್ನು ಮುಟ್ಟಿದರೆ ಬೆನ್ನಿಗೆ ಕೊಡೆಯ ಪೆಟ್ಟು. ಕಿತ್ತೂರಿನ ಕೋಟೆ ಕಟ್ಟಿದರು, ಬುರುಜು, ಕಂದಕ ಎಲ್ಲ ಸಹಿತ. ತೆರೆ ನುಗ್ಗಿ ಬಂದಾಗ ಬಾಯಾರು ಸೀರೆ ಕಚ್ಚೆ ಬಿಗಿದು, ಬಾಗಿಲು ಮುಚ್ಚಿರಿ ಎಂದು ಖರೇ ಯುದ್ಧದಲ್ಲಿ ಕೂಗುವ ಹಾಗೆ ಕೂಗಿದರು. ಅಷ್ಟು ಹೊತ್ತಿಗೆ ಮೀನುಗಾರರು ಬಲೆ ಎಳೆಯತೊಡಗಿದ್ದರು. ನಮ್ಮ ಹುಡುಗಿಯರೂ ಹೋಗಿ ಹಗ್ಗಕ್ಕೆ ಕೈ ಹಾಕಿ, ಬೀಸುವ ಕಲ್ಲಿನ ಹಾಡು ಹೇಳುತ್ತ ಜಗ್ಗಿದರು. ಆ ಜನ ನಕ್ಕು ನಕ್ಕು ಸುಸ್ತಾದರು. ನಾನು ಮೊಣಕಾಲ ತನಕ ನೀರಿನಲ್ಲಿ ನಿಂತುಬಿಟ್ಟಿದ್ದೆ. ತೆರೆ ಹಿಂದಕ್ಕೆ ಹೋಗುವಾಗ ಕಾಲಡಿಯ ಉಸುಕನ್ನು ಕದ್ದೊಯ್ಯುತ್ತದಲ್ಲ, ಆ ಗುಳುಗುಳು ಎನ್ನುವ ಸುಖಕ್ಕೆ ನನ್ನ ಮದುವೆಯಾದಾಗಿನಿಂದ ಮೊದಲ ಸಲ ಗಟ್ಟಿಯಾಗಿ ನಕ್ಕೆ.

ದೂರದಲ್ಲಿ ಒಬ್ಬ ಮೀನುಗಾರ ಹೆಂಗಸು ನಮ್ಮ ಕಡೆ ಎರಡೂ ಕೈ ಬೀಸಿದಳು. ಒಳ್ಳೆಯ ಹೆಂಗಸು ಎಂದು ನಾವೂ ಕೈ ಬೀಸಿದೆವು. ಅವಳು ಮತ್ತೂ ಜೋರಾಗಿ ಬೀಸಿದಳು. ನಾವೂ. ಹಿಂದಿರುಗಿ ನೋಡಿದರೆ ನಮ್ಮ ಗಂಟುಗಳಿದ್ದ ಜಾಗದಲ್ಲಿ ಸಮುದ್ರ ಇತ್ತು.

ನೀರಿಗೆ ಏರುವ ಹೊತ್ತು ಇಳಿಯುವ ಹೊತ್ತು ಇರುತ್ತದೆಂದು ಎರೆಮಣ್ಣಿನ ನಮಗೆ ಯಾರು ಹೇಳಿದ್ದರು? ರೊಟ್ಟಿ, ಚಟ್ನಿ, ಮೊಸರಿನ ಗಡಿಗೆ, ಒಣಗಿಸಲು ಹಾಕಿದ ಬಟ್ಟೆ, ಎಲ್ಲ ಹೋಯಿತು. ಜಾತಿ ಜಾತಿಯ ನಡುವೆ ಬಿಟ್ಟ ಮೊಳ ಮೊಳ ಜಾಗವೂ ಹೋಯಿತು. ಬಾಯಾರು ಸೊಂಟದ ತನಕ ನೀರಿಗಿಳಿದು, ಕೊಡೆ ಎತ್ತಿ ಸಮುದ್ರವನ್ನು ಕೇಳಿದರು, "ಹೊಟ್ಟಿ ಐತೋ ಕಣಜ ಐತೋ ನಿಂದು?" ಸಣ್ಣ ಹುಡುಗಿಯರು ಅಳುತ್ತಿದ್ದವರು ನಕ್ಕುಬಿಟ್ಟರು.

ಉಳಿದದ್ದು ಒಂದೇ ಗಂಟು. ದೂರ ಇಟ್ಟದ್ದಕ್ಕೆ ಉಳಿದಿತ್ತು.

ಬಾಯಾರು ಅದನ್ನು ಕೊಂಬೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು ಕುಳಿತರು. ಬಿಚ್ಚಲಿಲ್ಲ. ಜಗತ್ತಿಗೆಲ್ಲ ಬೈಯುವ ಆ ಬಾಯಿಗೆ ತಿನ್ನಿರಿ ಎಂಬ ಒಂದು ಮಾತು ಬರಲೊಲ್ಲದು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಬಾಯಾರು ಗಂಟು ಬಿಚ್ಚಿ, ಯಾರ ಮುಖವನ್ನೂ ನೋಡದೆ ಹೇಳಿದರು.

"ಹಸದವರು ಬರ್ರಿ. ಹಸಿವಿ ಇಲ್ಲದವರು ಸಮುದ್ರ ನೋಡ್ರಿ. ಯಾರು ಬಂದ್ರು, ಯಾರು ಬರಲಿಲ್ಲ, ನಾ ನೆನಪ ಇಡೂದಿಲ್ಲ."

ನೀಲಾ ಮೊದಲು ಹೋದಳು. ಅವಳ ಹಿಂದೆ ನಾನು. ನಮ್ಮ ಹಿಂದೆ ಉಳಿದವರು, ತಡೆದು ತಡೆದು, ಆಮೇಲೆ ಒಮ್ಮೆಲೇ. ಎಳ್ಳು ಹಚ್ಚಿ ಗರಿಗರಿ ಸುಟ್ಟ ಕಟಕ ರೊಟ್ಟಿ, ಕೆಂಪು ಮೆಣಸಿನಕಾಯಿಯ ಚಟ್ನಿ. ನೀರಿಗೆ ನೆಂದು ಬಿಸಿಲಿಗೆ ಒಣಗಿ, ಮತ್ತೆ ನೆಂದು ಒಣಗಿ ಹಸಿದ ಹೊಟ್ಟೆಗೆ ಅದರ ರುಚಿ ಹೇಗಿತ್ತೆಂದು ಬರೆಯಲು ನನಗೆ ಬಾರದು. ಬಾಯಾರು ಬೈಯತೊಡಗಿದರು, ಗಬಗಬ ತಿನ್ನಬೇಡಿರಿ, ಅಗಿದು ತಿನ್ನಿರಿ, ಹಲ್ಲು ಇರುವುದು ಯಾಕೆ ಎಂದು. ಬೈಗುಳ ಶುರುವಾದದ್ದು ಕೇಳಿ ಎಲ್ಲರಿಗೂ ನಿರಾಳವಾಯಿತು. ಮೀನುಗಾರರ ಬಾವಿಯಿಂದ ನಾನು ಒಂದು ತಂಬಿಗೆ ನೀರು ತಂದೆ. ಮೊದಲು ನಾನು ಕುಡಿದು, ಅದೇ ತಂಬಿಗೆಯನ್ನು ಅವರ ಮುಂದೆ ಹಿಡಿದೆ. ಅವರು ನನ್ನನ್ನು ನೋಡಿದರು. ಕಚ್ಚಿಕೊಂಡೇ ಕುಡಿದರು, ತಳ ಕಾಣುವ ತನಕ. ಆವತ್ತು ಅವರಿಗೆ ನೀರಡಿಕೆಯಾಗಿತ್ತು.

ನಾವು ಊರಿಗೆ ಬಂದು ಮುಟ್ಟುವ ಮೊದಲೇ ಬಾಯಾರ ರೊಟ್ಟಿ ತಿಂದ ಸುದ್ದಿ ಮುಟ್ಟಿತ್ತು. ನನ್ನ ಅತ್ತೆ ನನ್ನನ್ನೂ ನೀಲಾಳನ್ನೂ ಹಿತ್ತಲಲ್ಲೇ ನಿಲ್ಲಿಸಿ ಗೋಮೂತ್ರ ಸುರಿದು, ಮೈತೊಳೆಸಿ ಒಳಗೆ ಬಿಟ್ಟುಕೊಂಡರು. ಸಮುದ್ರದ ಉಪ್ಪೆಲ್ಲ ಹಿತ್ತಲ ಮೋರಿಗೆ ಹೋಯಿತು.

ಶಾಲೆಯಲ್ಲಿ ಸಭೆ ಸೇರಿತು. ಇವತ್ತು ಹಾರ ತಂದವರೇ ಅಂದು ಮುಂದೆ ಕುಳಿತಿದ್ದರು. ಹುಡುಗಿಯರು ಒದ್ದೆ ಬಟ್ಟೆಯಲ್ಲಿ ಓಡಾಡಿದರು, ಪರ ಗಂಡಸರ ಜೊತೆ ಬಲೆ ಎಳೆದರು, ಪಾತ್ರೆ ಬಟ್ಟೆ ಕಳೆದರು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರ ಬಾಯಿಂದಲೂ ಖರೇ ಕಾರಣ ಬರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಗಂಡಸರ ಸಭೆಯಲ್ಲಿ ನಾನು ಬಾಯಿ ತೆರೆದದ್ದು ಅದೇ ಮೊದಲು.

"ರೊಟ್ಟಿ ಸುದ್ದಿ ಯಾರೂ ಎತ್ತವಲ್ರು. ನಾನೂ ತಿಂದೇನಿ. ಅರಗೇತಿ."

ಇನ್ನು ಬಾಯಾರು ಎದ್ದು ನಿಂತು ಇವರೆಲ್ಲರ ಚರ್ಮ ಸುಲಿಯುತ್ತಾರೆ ಎಂದು ನಾನು ಕಾದೆ. ಅವರು ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಕೊನೆಯ ತನಕ ಸುಮ್ಮನೆ. ಸ್ವಲ್ಪ ದಿನದಲ್ಲೇ ಅವರನ್ನು ರಾಮದುರ್ಗದ ಆಚೆಯ ಒಂದು ಹಳ್ಳಿಗೆ ವರ್ಗ ಮಾಡಿ ಎತ್ತಿಹಾಕಿದರು.

ಅವರು ಹೊರಟ ದಿನ ಬಸ್ ಸ್ಟ್ಯಾಂಡಿಗೆ ಹೋದೆ, ಬೀಳ್ಕೊಡಲು ಅಲ್ಲ, ಜಗಳಾಡಲು. ಮಳೆಗೆ ಬೈದಿರಿ, ಸಮುದ್ರಕ್ಕೆ ಬೈದಿರಿ, ಬೈಯಬೇಕಾದವರ ಮುಂದೆ ಬಾಯಿ ಯಾಕೆ ಹೊಲಿದುಕೊಂಡಿರಿ ಎಂದು ಕೇಳಿದೆ. ಟ್ರಂಕಿನ ಮೇಲೆ ಕುಳಿತಿದ್ದ ಅವರು ಆಗ ಹೇಳಿದರು. ಸಭೆಗೆ ಮೊದಲೇ ಅವರನ್ನು ಕರೆಸಿದ್ದರಂತೆ. ಬಾಯಾರು ತಕರಾರು ಮಾಡದೆ ಹೋದರೆ ಹುಡುಗಿಯರನ್ನು ಪರೀಕ್ಷೆಗೆ ಕೂಡಿಸುವುದು, ಎದುರು ಮಾತಾಡಿದರೆ ಒಬ್ಬೊಬ್ಬಳನ್ನೂ ಶಾಲೆ ಬಿಡಿಸಿ ಮದುವೆ ಮಾಡುವುದು ಎಂದು ತಂದೆಯರೆಲ್ಲ ಕೂಡಿ ಮಾತಾಡಿದ್ದರಂತೆ.

"ಜಗಳಾಡಿದ್ರ ನಾ ಗೆಲ್ತಿದ್ದೆ," ಎಂದರು ಬಾಯಾರು. "ಹುಡುಗ್ಯಾರು ಸೋಲ್ತಿದ್ರು. ನಿಮ್ಮ ನೀಲಾ ಒಲಿ ಮುಂದ ಕುಂದರ್ತಿದ್ಳು."

ಆ ತಂದೆಯರಲ್ಲಿ ನನ್ನ ಗಂಡನೂ ಇದ್ದರೇ ಎಂದು ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ. ಬಸ್ಸು ಬಂತು. ಟ್ರಂಕನ್ನು ಎಸೆದ ಕಂಡಕ್ಟರನನ್ನು ಬೈಯುತ್ತ ಹತ್ತಿದರು.

ನೀಲಾ ಪರೀಕ್ಷೆಗೆ ಕುಳಿತಳು, ಪಾಸಾದಳು. ಮದುವೆಯಾದ ಮೇಲೂ ಹಟ ಹಿಡಿದು ಶಿಕ್ಷಕಿಯ ತರಬೇತಿ ಮುಗಿಸಿದಳು. ಅದು ಬಾಯಾರ ಮೌನದ ಫಲ ಎಂದು ನೀಲಾ ಹೇಳುತ್ತಾಳೆ. ಇರಬಹುದು. ನನಗೆ ಮಾತ್ರ ಇವತ್ತಿಗೂ ಒಪ್ಪಿಗೆಯಿಲ್ಲ. ಹುಡುಗಿಯರ ಓದನ್ನು ಒತ್ತೆ ಇಟ್ಟು ಒಬ್ಬ ಹೆಂಗಸಿನ ಬಾಯಿ ಮುಚ್ಚಿಸುವುದು ಎಂಥ ನ್ಯಾಯ? ನೆನೆದರೆ ಅಂಗೈ ಬಿಸಿಯಾಗುತ್ತದೆ. ಹಟ್ಟಿಯಲ್ಲಿ ಕಟ್ಟಿದ ಎಮ್ಮೆಗೂ ಒದೆಯುವ ಹಕ್ಕು ಇರುತ್ತದೆ.

ಕಳೆದ ಮಳೆಗಾಲದಲ್ಲಿ ಬಾಯಾರು ತೀರಿಕೊಂಡರು. ನಮಗೆ ತಿಳಿದದ್ದು ದಸರೆಯ ಹೊತ್ತಿಗೆ, ಯರಗಟ್ಟಿಯಲ್ಲಿ ಸಿಕ್ಕ ಬಳೆಗಾರ್ತಿಯೊಬ್ಬಳ ಬಾಯಿಂದ. ಆ ಹಳ್ಳಿಯ ಕಡೆ ಬಳೆ ಮಾರಲು ಹೋಗುತ್ತಿದ್ದವಳು. ಬೈಯುವ ಬಾಯಾರು ಇಲ್ಲದೆ ಆ ಊರಿನ ಹುಡುಗಿಯರು ಹೊತ್ತಿಗೆ ಸರಿಯಾಗಿ ಸಾಲಿಗೆ ಬರುವುದನ್ನೇ ಬಿಟ್ಟಿದ್ದಾರೆ ಎಂದಳು. ಅವತ್ತು ಮನೆಗೆ ಬಂದು ನೀಲಾ ಅಳಲಿಲ್ಲ. ಈ ಚಳಿಗಾಲ ಮುಗಿಯುವುದರೊಳಗೆ ಹುಡುಗಿಯರನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಹೋದಳು, ಬಂದಳು. ಅದನ್ನು ನೋಡಿ ನಾಲ್ಕು ಬೈಯಬೇಕಾದ ಬಾಯಾರು ಅಷ್ಟರಲ್ಲಿ ಎದ್ದುಹೋಗಿದ್ದರು. ಆ ಸಿಟ್ಟು ಯಾರ ಮೇಲೆ ತೀರಿಸಲಿ?

ಈಗ ರಾತ್ರಿಯಾಗಿದೆ, ಇವತ್ತಿನ ಊಟದ ಸುದ್ದಿ ಒಂದು ಬರೆದು ಮುಗಿಸುತ್ತೇನೆ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಪಾತ್ರೆಗಳನ್ನೆಲ್ಲ ನಡುವೆ ಇಟ್ಟು ಎಲ್ಲರೂ ಒಟ್ಟಿಗೆ ಕುಳಿತೆವು, ನನ್ನ ಗಂಡ, ಅಳಿಯ, ನೀಲಾ, ಮೊಮ್ಮಗಳು, ನಾನು. ಗೋಡೆಗೆ ಒರಗಿ ನನ್ನ ಅತ್ತೆ. ಹಲ್ಲೆಲ್ಲ ಉದುರಿ ಈಗ ಹಾಲಿನಲ್ಲಿ ನೆನೆಸಿದ್ದನ್ನು ಮಾತ್ರ ಉಣ್ಣುತ್ತಾರೆ. ಮೊಮ್ಮಗಳ ಬಾಯಿ ನಿಲ್ಲುತ್ತಿರಲಿಲ್ಲ. ತಾನು ಕಿತ್ತೂರಿನ ಕೋಟೆ ಕಟ್ಟಿದ್ದು, ಏಡಿ ಹೊರಗೆ ಬಂದು ತನ್ನನ್ನು ನೋಡಿದ್ದು. ಅಲ್ಲಿ ಇಳಿದ ಕೂಡಲೇ ಅವ್ವ ಎಲ್ಲರ ಗಂಟುಗಳನ್ನೂ ಬಿಚ್ಚಿಸಿ, ಒಂದೇ ಚಾದರದಲ್ಲಿ ರೊಟ್ಟಿಗಳನ್ನೆಲ್ಲ ಬೆರೆಸಿ ಕಟ್ಟಿ, ಮರದ ಕೊಂಬೆಗೆ ತೂಗುಹಾಕಿದಳಂತೆ. ಮಾತಾಡುತ್ತಲೇ ತನ್ನ ಚೀಲದಿಂದ ಉಳಿದ ಒಂದು ಕಟಕ ರೊಟ್ಟಿ ತೆಗೆದು, ಮುರಿದು, ಎಲ್ಲರ ತಾಟಿಗೂ ಒಂದೊಂದು ತುಣುಕು ಹಂಚಿದಳು. ಗಂಡ ತಮ್ಮ ಪಾಲಿನದನ್ನು ತಲೆ ತಗ್ಗಿಸಿ ತಿಂದರು.

ಅತ್ತೆ ತುಣುಕನ್ನು ಬೆಳಕಿಗೆ ಹಿಡಿದರು. "ಯಾರ ಮನೀದವ್ವಾ ಇದು?"

"ಗೊತ್ತಿಲ್ಲ ಮುತ್ಯವ್ವ. ಎಲ್ಲಾರದೂ ಕೂಡೇತಿ."

ನಾನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟೆ. ನೀಲಾ ಉಣ್ಣುವುದನ್ನು ನಿಲ್ಲಿಸಿದಳು. ಅತ್ತೆ ಮಗುವಿನ ಸುಲಿದ ಮೂಗನ್ನು ನೋಡಿದರು, ತುಣುಕನ್ನು ನೋಡಿದರು. ಬಟ್ಟಲಿನ ಹಾಲಿಗೆ ಅದ್ದಿದರು. ನೆನೆಯುವ ತನಕ ಕಾದು, ಬಾಯಿಗಿಟ್ಟು, ಬಹಳ ಹೊತ್ತು ವಸಡಿನಲ್ಲೇ ಹೊರಳಾಡಿಸಿದರು.

"ಎಳ್ಳ ಹಚ್ಚ್ಯಾರ," ಎಂದರು. "ಚಲೋ ಸುಟ್ಟಾರ. ಇನ್ನಷ್ಟು ಐತೇನು?"

ಇಷ್ಟು ಸಲೀಸಾಗಿ ಇಳಿಯುವುದಿದ್ದರೆ ಆವತ್ತು ಹಿತ್ತಲಲ್ಲಿ ನನ್ನ ಮಗಳ ತಲೆಯ ಮೇಲೆ ಏನು ಸುರಿದಿರಿ ಎಂದು ಬಾಯಿಯ ತನಕ ಬಂತು. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಪಾಲಿನ ತುಣುಕನ್ನು ಸಿಟ್ಟಿನಿಂದಲೇ ಮುರಿದು ಮುದುಕಿಯ ಬಟ್ಟಲಿಗೆ ಹಾಕಿದೆ.